ಮನೆಯ ಸದ್ದನ್ನೂ ಒಳಗೆ ಬಿಡುವ ಹೆಡ್‌ಫೋನ್

ಹೆಡ್‌ಫೋನ್ ಅಂಗಡಿಯಲ್ಲಿ ‘ಹೊರಗಿನ ಸದ್ದೂ ಕೇಳಿಸಬೇಕು’ ಎಂದು ಕೇಳಿ ನೋಡಿ, ಮಾರುವ ಹುಡುಗ ನಿಮ್ಮನ್ನೇ ಅನುಮಾನದಿಂದ ನೋಡುತ್ತಾನೆ. ಠಾಣೆಯಲ್ಲೂ ವಾಶಿಯಲ್ಲೂ ನನಗೆ ಇದೇ ಆಯಿತು. ಈಗ ಎಲ್ಲರಿಗೂ ಬೇಕಿರುವುದು ಕಿವಿಯನ್ನು ಪೂರ್ತಿ ಮುಚ್ಚಿ ಲೋಕವನ್ನೇ ಅಳಿಸಿಹಾಕುವ ಬ್ಲೂಟೂತ್ ಮಾದರಿ. ಡೊಂಬಿವ್ಲಿಯಿಂದ ಬೆಳಗಿನ ಲೋಕಲ್ ಹಿಡಿಯುವವರಿಗೆ ಅದೇ ಸರಿ, ತಕರಾರಿಲ್ಲ. ನಾನು ಹುಡುಕುತ್ತಿದ್ದದ್ದು ಮನೆಗೆ.

ನಮ್ಮದು ಡೊಂಬಿವ್ಲಿ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಮನೆ. ವಾರಕ್ಕೆ ಮೂರು ದಿನ ಐರೋಳಿಯ ಆಫೀಸು. ಉಳಿದ ದಿನ ಹಾಲ್‌ನ ಮೂಲೆಯ ಮೇಜೇ ಆಫೀಸು. ಒಳಕೋಣೆಯಲ್ಲಿ ಅಮ್ಮ. ಪಾರ್ಶ್ವವಾಯುವಾದ ಮೇಲೆ ಅವರ ದನಿ ತಗ್ಗಿದೆ. ಕೈಗೆ ಸಿಗುವಂತೆ ಒಂದು ಸ್ಟೀಲ್ ಲೋಟ, ಚಮಚ ಇಟ್ಟಿದ್ದೇವೆ. ಬಡಿದರೆ ನಾನು ಎದ್ದು ಹೋಗಬೇಕು. ಕಿವಿ ಮುಚ್ಚಿಕೊಂಡು ಕೂರುವಂತಿಲ್ಲ.

ಅಪ್ಪನ ಹಳೆಯ ಹೆಡ್‌ಫೋನ್ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಎಂಬತ್ತರ ದಶಕದಲ್ಲಿ ಸೋದರಮಾವ ಮಸ್ಕತ್‌ನಿಂದ ತಂದದ್ದು, ಬ್ರಾಂಡಿನ ಹೆಸರೂ ಅಳಿಸಿಹೋಗಿದೆ. ತೆಳು ಲೋಹದ ಪಟ್ಟಿ, ಕಿವಿಯ ಮೇಲೆ ಹಗುರವಾಗಿ ಕೂರುವ ಎರಡು ಸ್ಪಂಜಿನ ಬಿಲ್ಲೆ, ಅಷ್ಟೇ. ಅಪ್ಪ ಅದರಲ್ಲಿ ಮಲ್ಲಿಕಾರ್ಜುನ ಮನ್ಸೂರರ ಕ್ಯಾಸೆಟ್ ಕೇಳುತ್ತಲೇ ಅಡುಗೆಮನೆಯಿಂದ ಬಂದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಈ ಸ್ಪಂಜು ಪಾಲಿಯುರೆಥೇನ್. ತೇವ ತಗುಲಿ ತಗುಲಿ ಪುಡಿಪುಡಿಯಾಗುತ್ತದೆ, ನಮ್ಮ ಕೊಂಕಣದ ಮಳೆಗಾಲವಂತೂ ಅದಕ್ಕೆ ಯಮ. ಎರಡು ಸಲ ಬದಲಿಸಿ ನಡೆಸಿದೆ. ಕಳೆದ ಮಳೆಗಾಲ ಎಡಗಡೆ ಮೂಕವಾಯಿತು. ಕಲ್ಯಾಣ್ ಸ್ಟೇಷನ್ ಹತ್ತಿರದ ರೇಡಿಯೊ ರಿಪೇರಿಯವರು ಮೀಟರ್ ಹಚ್ಚಿ, ‘ವೈರ್ ಅಲ್ಲ, ಒಳಗಿನ ಕಾಯಿಲೇ ತುಂಡಾಗಿದೆ’ ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಇಂಥ ತೆರೆದ ಹೆಡ್‌ಫೋನಿನ ಮೂಲಪುರುಷ 1968ರ ಸೆನ್‌ಹೈಸರ್ ಎಚ್‌ಡಿ 414. ಅದಕ್ಕೆ ಮೊದಲಿನವು ಕಿವಿಗೆ ಡಬ್ಬಿ ಕಟ್ಟಿದಂತಿದ್ದವು. ಇದರಲ್ಲಿ ಕಂಪಿಸುವ ಪರದೆಯ ಹಿಂಬದಿಯನ್ನು ಮುಚ್ಚದೆ ಬಿಟ್ಟರು. ಹಿಂದಕ್ಕೆ ಹೋದ ಸದ್ದು ಡಬ್ಬಿಯೊಳಗೆ ಸುತ್ತದೆ ಹೊರಗೆ ಹೋಯಿತು, ಹೊರಗಿನದು ಒಳಗೂ ಬಂತು. ಹಳದಿ ಸ್ಪಂಜಿನ ಈ ಮಾದರಿ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. 1979ರಲ್ಲಿ ಸೋನಿ ವಾಕ್‌ಮನ್ ಜೊತೆ ಬಂದ ಹಗುರ ಹೆಡ್‌ಫೋನ್ ಸ್ಪಂಜಿನ ಬಿಲ್ಲೆಗಳನ್ನು ಬೀದಿಗೂ ತಂದಿತು. ಹಳೆಯ 414 ಹುಡುಕಿ ಕೊಳ್ಳುವ ಆಸೆಯಿದ್ದವರು ಒಂದು ಗಮನಿಸಿ: ಮೊದಲಿನವುಗಳ ಇಂಪಿಡೆನ್ಸ್ 2000 ಓಮ್. ಮೊಬೈಲಿನ ಬಡ ವೋಲ್ಟೇಜಿಗೆ ಅದು ಪಿಸುಗುಡುತ್ತದೆ, ಅಷ್ಟೇ.

ಹೊಸದರಲ್ಲಿ ನನ್ನ ಮುಂದೆ ಉಳಿದದ್ದು ಮೂರು. ಖಾರ್‌ಘರ್‌ನ ಸಹೋದ್ಯೋಗಿ ಎರಡು ದಿನಕ್ಕೆ ಕೊಟ್ಟ ಗ್ರೇಡೊ ಎಸ್‌ಆರ್‌60ಎಕ್ಸ್ ಅದ್ಭುತ. ಮನ್ಸೂರರ ತಂಬೂರಿ ತಲೆಯೊಳಗೆ ಗುಂಯ್‌ಗುಡದೆ ಸ್ವಲ್ಪ ಆಚೆ ಕೂತಂತಿತ್ತು. ಆದರೆ ಕೇಬಲ್ ದಪ್ಪ, ಗಂಟೆ ಕಳೆದರೆ ಕಿವಿಗೆ ಒತ್ತುತ್ತದೆ. ಕಾಸ್ ಕೆಎಸ್‌ಸಿ75 ಕಿವಿಗೆ ಕೊಕ್ಕೆ ಹಾಕುವಂಥದ್ದು. ಬೆಲೆಗೆ ಒಳ್ಳೆಯದು, ನನ್ನ ಕನ್ನಡಕದ ಕಡ್ಡಿಗೂ ಅದಕ್ಕೂ ಜಗಳ.

ಕೊನೆಗೆ ಕೊಂಡದ್ದು ಕಾಸ್ ಪೋರ್ಟಾ ಪ್ರೊ. 1984ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ತಯಾರಾಗುತ್ತಿದೆ, ಹಾಗಾಗಿ ಅಪ್ಪನದರ ಓರಗೆಯದೇ. 60 ಓಮ್, ಮೊಬೈಲಿಗೆ ಚಿಕ್ಕ ಯುಎಸ್‌ಬಿ-ಸಿ ಅಡಾಪ್ಟರ್ ಸಾಕು. ಕಣತಲೆಯ ಹತ್ತಿರದ ಗುಂಡಿ ಸರಿಸಿದರೆ ಕಿವಿಯ ಮೇಲಿನ ಒತ್ತಡ ಇಳಿಯುತ್ತದೆ. ಮಂದ್ರ ಸ್ವರ ಅಪ್ಪನದಕ್ಕಿಂತ ತುಸು ಉಬ್ಬಿದೆ, ತಬಲಾದ ಡಗ್ಗಾ ಮುಂದೆ ಬರುತ್ತದೆ. ಈಕ್ವಲೈಸರ್‌ನಲ್ಲಿ ಸ್ವಲ್ಪ ತಗ್ಗಿಸಿಕೊಂಡಿದ್ದೇನೆ. ಪಟ್ಟಿ ಜಾರುವಾಗ ಕೂದಲು ಕಚ್ಚುತ್ತದೆ, ನನಗೆ ಆ ಚಿಂತೆ ಈಗ ಕಡಿಮೆ.

ಮೈಕ್ ಇಲ್ಲ, ಮೀಟಿಂಗಿಗೆ ಲ್ಯಾಪ್‌ಟಾಪಿನದೇ. ಮೊನ್ನೆ ಕ್ಲೈಂಟ್ ಮಾತಾಡುತ್ತಿದ್ದಾಗ ಲೋಟದ ಸದ್ದು ಅವರಿಗೂ ಕೇಳಿಸಿತು, ‘ಬೆಲ್ಲಾ?’ ಎಂದು ಕೇಳಿದರು. ಎದ್ದು ಹೋದೆ, ಅಮ್ಮನಿಗೆ ಫ್ಯಾನ್ ಕಡಿಮೆ ಮಾಡಬೇಕಿತ್ತು. ಸ್ಪಂಜು ಮಾತ್ರ ಇನ್ನೊಂದು ಜೊತೆ ಈಗಲೇ ತರಿಸಿಟ್ಟಿದ್ದೇನೆ, ಜೂನ್ ಹತ್ತಿರ ಬಂತು.