ಹುಲ್ಲುಬಯಲಿನ ಒಂಟಿ ಸವಾರ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೋಶ ಓದುವವರು ನಮ್ಮಲ್ಲಿ ಮೊದಲಿನಿಂದಲೂ ಉಂಟು. ದೇಶ ಸುತ್ತುವವರೂ ಈಚೆಗೆ ಬಹಳವಾಗಿದ್ದಾರೆ. ಆದರೆ ರೈಲಿನ ಕಿಟಕಿಯಿಂದಲೂ ವಿಮಾನದ ಗಾಜಿನಿಂದಲೂ ಕಾಣುವುದು ದೇಶದ ಚಿತ್ರಪಟವೇ ಹೊರತು ದೇಶವಲ್ಲ. ನೆಲದ ಏರುತಗ್ಗು ಮೊಣಕಾಲಿಗೆ ತಿಳಿಯಬೇಕು. ಗಾಳಿಯ ದಿಕ್ಕು ಮುಖಕ್ಕೆ ತಿಳಿಯಬೇಕು. ಮುಂದಿನ ನೀರು ಎಷ್ಟು ದೂರವೆಂಬುದು ಗಂಟಲಿಗೆ ತಿಳಿಯಬೇಕು. ಅಂಥ ಪ್ರಯಾಣಕ್ಕೆ ಕಾಲ್ನಡಿಗೆಯ ತರುವಾಯ ಬೈಸಿಕಲ್ಲಿಗಿಂತ ತಕ್ಕ ಸಾಧನ ಮತ್ತೊಂದಿಲ್ಲ.

ಬೈಸಿಕಲ್ಲಿನ ದೂರಪ್ರಯಾಣಗಳಲ್ಲಿ ಅಮೆರಿಕದ ನಡುನಾಡಿನ ಹುಲ್ಲುಬಯಲನ್ನು ಒಬ್ಬಂಟಿಯಾಗಿ ದಾಟುವುದು ಒಂದು ವಿಶೇಷ ಬಗೆಯದು. ಆ ಬಯಲಿಗೆ ಅಲ್ಲಿನವರು ಪ್ರೇರಿ ಎನ್ನುತ್ತಾರೆ. ನೆಬ್ರಾಸ್ಕಾ, ಕಾನ್ಸಾಸ್, ದಕ್ಷಿಣ ಮತ್ತು ಉತ್ತರ ಡಕೋಟ ಮೊದಲಾದ ಸಂಸ್ಥಾನಗಳ ಮೇಲೆ ಅದು ಹಾಸಿಕೊಂಡಿದೆ. ಬೆಟ್ಟವಿಲ್ಲ, ಕಾಡಿಲ್ಲ, ಕಣ್ಣು ಹಾಯಿಸಿದತ್ತ ಆಕಾಶವೇ. ಇದನ್ನು ದಾಟುವ ಸವಾರನನ್ನು ಸ್ವಾವಲಂಬನದ ಮೂರ್ತಿಯೆಂದು ಹೊಗಳುವುದು ವಾಡಿಕೆಯಾಗಿದೆ. ಬಯಲು ಬರಿದು, ಸವಾರನು ಒಬ್ಬನೇ, ಅವನಿಗೆ ಅವನ ಕಾಲೇ ಗತಿ ಎಂಬುದು ಆ ಹೊಗಳಿಕೆಯ ತಿರುಳು. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ವಾಚಕರೊಡನೆ ವಿಚಾರಿಸಿ ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲನೆಯ ಸವಾರ

ಬೈಸಿಕಲ್ಲಿನ ಮೇಲೆ ಅಮೆರಿಕ ಖಂಡವನ್ನು ಸಮುದ್ರದಿಂದ ಸಮುದ್ರಕ್ಕೆ ಮೊದಲು ದಾಟಿದಾತನು ಥಾಮಸ್ ಸ್ಟೀವನ್ಸ್. ಇಂಗ್ಲೆಂಡಿನಲ್ಲಿ ೧೮೫೪ರಲ್ಲಿ ಹುಟ್ಟಿ ತರುಣನಾಗಿ ಅಮೆರಿಕಕ್ಕೆ ವಲಸೆ ಬಂದು ಕೈಕೆಲಸದಿಂದ ಬದುಕುತ್ತಿದ್ದ ಈತನು ಶ್ರೀಮಂತನಲ್ಲ, ಮಲ್ಲನೂ ಅಲ್ಲ. ೧೮೮೪ನೆಯ ಏಪ್ರಿಲ್ ೨೨ರಂದು ಸ್ಯಾನ್ ಫ್ರಾನ್ಸಿಸ್ಕೋವಿನಿಂದ ಹೊರಟು ಆಗಸ್ಟ್ ೪ರಂದು ಬೋಸ್ಟನ್ ನಗರವನ್ನು ಸೇರಿದನು. ಕ್ರಮಿಸಿದ ದಾರಿ ಸುಮಾರು ೩,೭೦೦ ಮೈಲಿ.

ಆತನ ವಾಹನವನ್ನು ಇಂದಿನ ಬೈಸಿಕಲ್ಲಿನಂತೆ ಊಹಿಸಿಕೊಳ್ಳಬಾರದು. ಮುಂದಿನ ಚಕ್ರವು ೫೦ ಅಂಗುಲ ಎತ್ತರ. ಹಿಂದಿನದು ಮಕ್ಕಳ ಬಂಡಿಯ ಗಾಲಿಯಷ್ಟು. ಸರಪಳಿಯಿಲ್ಲ, ಪೆಡಲುಗಳು ಮುಂದಿನ ಚಕ್ರದ ಅಚ್ಚಿಗೇ ಜೋಡಿಸಿದವು. ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು ತಿರುಗಿ ಹದಿಮೂರು ಅಡಿಯಷ್ಟು ಮುಂದೆ ಹೋಗುವುದು. ಟೈರು ಗಟ್ಟಿ ರಬ್ಬರಿನದು. ಗಾಳಿ ತುಂಬುವ ಟೈರನ್ನು ಡನ್‌ಲಪ್ಪನು ಹೊರತಂದದ್ದು ೧೮೮೮ರಲ್ಲಿ. ಚಕ್ರಕ್ಕೆ ಒಂದು ಕಲ್ಲು ಅಡ್ಡಬಂದರೆ ಸವಾರನು ತಲೆ ಕೆಳಗಾಗಿ ಮುಂದಕ್ಕೆ ಬೀಳುವನು. ಇಂಥ ಯಂತ್ರದ ಮೇಲೆ ಆತನು ಕೊಂಡೊಯ್ದದ್ದು ಕಾಲುಚೀಲ, ಬದಲಿ ಅಂಗಿ, ರಾತ್ರಿ ಗುಡಾರವೂ ಹಾಸಿಗೆಯೂ ಆಗಬಲ್ಲ ಒಂದು ಮಳೆಕೋಟು ಮತ್ತು ಒಂದು ಪಿಸ್ತೂಲು. ಇಷ್ಟೇ ಸಾಮಾನು!

ಆಗ ಆ ಬಯಲಿನಲ್ಲಿ ಹೇಳಿಕೊಳ್ಳುವಂಥ ರಸ್ತೆಯಿರಲಿಲ್ಲ. ವಲಸೆಗಾರರ ಬಂಡಿಗಳು ಕೊರೆದ ಜಾಡು, ಇಲ್ಲವೆ ೧೮೬೯ರಲ್ಲಿ ಪೂರ್ತಿಯಾದ ರೈಲುದಾರಿ. ಎರಡೂ ಸವಾರಿಗೆ ಒಗ್ಗದ ಕಡೆ ಸ್ಟೀವನ್ಸನು ಇಳಿದು ನೂಕಿಕೊಂಡು ನಡೆದನು. ಒಟ್ಟು ದಾರಿಯಲ್ಲಿ ಮೂರನೆಯ ಒಂದು ಪಾಲನ್ನು ಹೀಗೆ ನಡೆದೇ ಕಳೆದನಂತೆ. ವಯೋಮಿಂಗಿನಲ್ಲಿ ಎಂಟು ಸಾವಿರ ಅಡಿಗೂ ಮೀರಿದ ಶಿಖರವನ್ನು ದಾಟಿ, ಷೈಯೆನ್ ಪಟ್ಟಣದ ಮುಂದೆ ಬಯಲಿಗಿಳಿದು, ಪ್ಲಾಟ್ ನದಿಯ ಕಣಿವೆಯನ್ನು ಹಿಡಿದು ನೆಬ್ರಾಸ್ಕಾವನ್ನು ದಾಟಿದನು. ನೂರಮೂರೂವರೆ ದಿನಗಳಲ್ಲಿ ಮಳೆ ಮೊದಲಾದ ಕಾರಣಗಳಿಂದ ಇಪ್ಪತ್ತು ದಿನ ನಿಂತದ್ದೂ ಉಂಟು.

ಈಗ ಪ್ರಶ್ನೆ: ಆತನು ಒಬ್ಬನೇ ಏನು? ಮಳೆಕೋಟಿನ ಗುಡಾರ ನೆವಮಾತ್ರದ್ದು. ಹೊತ್ತು ಮುಳುಗಿದಾಗ ಆತನು ನೋಡುತ್ತಿದ್ದುದು ರೈಲುದಾರಿಯ ಬದಿಯ ಗ್ಯಾಂಗಿನವರ ಮನೆಯನ್ನು, ದನಗಾಹಿಗಳ ಹಟ್ಟಿಯನ್ನು, ಹುಲ್ಲುಹೆಂಟೆಗಳಿಂದ ಗೋಡೆಯೆಬ್ಬಿಸಿದ ಒಕ್ಕಲಿಗನ ಗುಡಿಸಲನ್ನು. ಅಲ್ಲಿ ಸಿಕ್ಕಿದ ಊಟ, ಅಲ್ಲಿ ಸಿಕ್ಕಿದ ನೀರು ಇವುಗಳಿಂದಲೇ ಮರುದಿನದ ಸವಾರಿ. ತುಳಿದದ್ದು ಆತನ ಕಾಲು. ತುಳಿಯುವ ಬಲ ಬಂದದ್ದು ಹೆರವರ ಒಲೆಯಿಂದ.

ಬಯಲಿನ ಸ್ವಭಾವ

ಬಯಲೆಂದರೆ ಸಮತಟ್ಟು, ಸಮತಟ್ಟೆಂದರೆ ಸುಲಭ ಎಂದು ಭೂಪಟ ನೋಡುವವನು ತಿಳಿಯುತ್ತಾನೆ. ಕಾನ್ಸಾಸ್ ಸಂಸ್ಥಾನವನ್ನೇ ತೆಗೆದುಕೊಳ್ಳಿರಿ. ಅದರ ಆಗ್ನೇಯ ಮೂಲೆ ಸಮುದ್ರಮಟ್ಟದಿಂದ ಏಳುನೂರು ಅಡಿಗೂ ಕಡಿಮೆ. ಪಡುವಣ ಗಡಿಯಲ್ಲಿ ಅತ್ಯುನ್ನತ ಸ್ಥಳ ೪,೦೩೯ ಅಡಿ. ಸುಮಾರು ನಾನೂರು ಮೈಲಿಯ ಮೇಲೆ ನೆಲವು ಮೈಲಿಗೆ ಎಂಟು ಅಡಿಯಂತೆ ಏರುತ್ತಲೇ ಹೋಗುವುದು. ಕಣ್ಣಿಗೆ ಅದು ಕಾಣದು, ಕಾಲಿಗೆ ಮಾತ್ರ ಕಾಣುವುದು.

ಏರಿಗಿಂತ ಘೋರವಾದುದು ಗಾಳಿ. ತಡೆಯಲು ಮರವಿಲ್ಲದ ನೆಲದಲ್ಲಿ ಅದು ಬೆಳಗಿನಿಂದ ಬೈಗಿನವರೆಗೆ ಒಂದೇ ಸಮನೆ ಬೀಸುವುದು. ಗಾಳಿಯ ತಡೆ ವೇಗದ ವರ್ಗಕ್ಕನುಸಾರವಾಗಿ ಬೆಳೆಯುವುದೆಂಬುದು ಶಾಸ್ತ್ರ. ಗಂಟೆಗೆ ಹನ್ನೆರಡು ಮೈಲಿ ಹೋಗುವ ಸವಾರನಿಗೆ ಹನ್ನೆರಡು ಮೈಲಿ ವೇಗದ ಗಾಳಿ ಎದುರಾದರೆ ತಡೆಯು ಎರಡರಷ್ಟಲ್ಲ, ನಾಲ್ಕರಷ್ಟು. ಬೆಟ್ಟ ಹತ್ತಿದವನಿಗೆ ಆಚೆಯ ಇಳಿಜಾರಿನ ಕೂಲಿ ದೊರೆಯುವುದು. ಎದುರುಗಾಳಿಯನ್ನು ದಿನವೆಲ್ಲ ತಳ್ಳಿದವನಿಗೆ ಯಾವ ಇಳಿಜಾರೂ ಇಲ್ಲ. ಪಡುವಣಿಂದ ಮೂಡಣಕ್ಕೆ ಹೋದರೆ ಗಾಳಿ ಬೆನ್ನಿಗೆ ಬರುವುದೆಂದು ಹೇಳುವವರುಂಟು. ಆದರೆ ಕಾನ್ಸಾಸಿನಲ್ಲಿ ಬೇಸಗೆಯ ಗಾಳಿ ಹೆಚ್ಚಾಗಿ ತೆಂಕಣದಿಂದ ಬೀಸುವುದರಿಂದ, ಯಾವ ಕಡೆ ಹೋದರೂ ಪಕ್ಕೆಗೆ ಹೊಡೆತ ತಪ್ಪದು. ಇದರ ಮೇಲೆ ಸಂಜೆಯ ಸಿಡಿಲುಮಳೆ, ಆನೆಕಲ್ಲು, ವಸಂತದ ಕೊನೆಯಲ್ಲಿ ಸುಂಟರಗಾಳಿ. ಮೈಲಿಗಟ್ಟಲೆ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಂತ ವಸ್ತು ತಾನೊಬ್ಬನೇ ಎಂಬ ಅರಿವು ಮಿಂಚಿನ ಹೊತ್ತಿನಲ್ಲಿ ಹಿತವಾದುದಲ್ಲ.

ಹುಲ್ಲಿನಲ್ಲಿಯೂ ಭೇದಗಳುಂಟು. ಮೂಡಣ ಭಾಗದಲ್ಲಿ ಮಳೆ ಹೆಚ್ಚು; ಅಲ್ಲಿ ಹುಲ್ಲು ಆಳೆತ್ತರ, ಬೇರು ಹತ್ತು ಅಡಿಯವರೆಗೂ ಆಳ. ಡಾಡ್ಜ್ ಸಿಟಿಯ ಮೇಲೆ ಹಾಯುವ ನೂರನೆಯ ರೇಖಾಂಶವನ್ನು ದಾಟಿ ಪಡುವಲಿಗೆ ಹೋದಂತೆ ಮಳೆ ಕಡಿಮೆಯಾಗಿ ಹುಲ್ಲು ಪಾದದೆತ್ತರಕ್ಕೆ ಇಳಿಯುವುದು. ಮೋಟಾರಿನಲ್ಲಿ ಕೆಲವೇ ಗಂಟೆಗಳಲ್ಲಿ ದಾಟುವವನು ಇದನ್ನು ಗಮನಿಸನು. ವಾರವೆಲ್ಲ ತುಳಿಯುವವನು ದಿನದಿಂದ ದಿನಕ್ಕೆ ಕಾಣುವನು.

ಬರಿದಾದದ್ದು ಹೇಗೆ?

ಬಯಲು ಬರಿದೆಂಬ ಮಾತೂ ಪರೀಕ್ಷೆಗೆ ನಿಲ್ಲದು. ಅದು ಬರಿದಾಗಿ ಹುಟ್ಟಿದುದಲ್ಲ, ಬರಿದು ಮಾಡಿದುದು. ಪ್ಲಾಟ್ ನದಿಯ ತೀರದಲ್ಲಿ ಜೋಳ ಬೆಳೆದು ಮಣ್ಣಿನ ಮನೆಗಳಲ್ಲಿ ವಾಸವಾಗಿದ್ದ ಪಾನಿ ಜನರನ್ನು ೧೮೭೦ರ ದಶಕದಲ್ಲಿ ಈಗಿನ ಒಕ್ಲಹೋಮಾದ ಕಡೆಗೆ ಸಾಗಿಸಲಾಯಿತು. ಒಂದು ಕಾಲಕ್ಕೆ ಕೋಟಿಗಳ ಲೆಕ್ಕದಲ್ಲಿದ್ದ ಕಾಡುಕೋಣದ ಜಾತಿಯ ಬೈಸನ್ ಮೃಗಗಳು ಚರ್ಮಕ್ಕಾಗಿ ಕೊಲ್ಲಲ್ಪಟ್ಟು, ೧೮೮೯ರ ಎಣಿಕೆಯ ವೇಳೆಗೆ ಇಡೀ ಉತ್ತರ ಅಮೆರಿಕದಲ್ಲಿ ಸಾವಿರದ ಆಸುಪಾಸಿಗೆ ಇಳಿದುವು. ಸ್ಟೀವನ್ಸನು ಹಾದುಹೋದದ್ದು ಈ ಸಂಹಾರದ ಬೆನ್ನಿಗೇ. ಆತನಿಗೆ ಕಂಡ ನಿರ್ಜನತೆಯಲ್ಲಿ ಪ್ರಕೃತಿಯ ಪಾಲೆಷ್ಟೋ ಮನುಷ್ಯನ ಪಾಲೂ ಅಷ್ಟು.

ತರುವಾಯ ಬಂದದ್ದು ನೇಗಿಲು. ೧೭೮೫ರ ಕಾನೂನಿನಂತೆ ನೆಲವನ್ನು ಮೈಲಿಗೊಂದು ಗೆರೆಯೆಳೆದು ಚದುರಂಗದ ಮನೆಗಳಂತೆ ಅಳೆಯಲಾಗಿತ್ತು. ೧೮೬೨ರ ಕಾನೂನಿನಂತೆ ಒಕ್ಕಲು ಹೂಡಿದವನಿಗೆ ೧೬೦ ಎಕರೆ ದೊರೆಯಿತು. ಇಂದಿಗೂ ಅಲ್ಲಿನ ಹಳ್ಳಿದಾರಿಗಳು ಆ ಗೆರೆಗಳ ಮೇಲೆಯೇ ನೂಲು ಹಿಡಿದಂತೆ ನೇರವಾಗಿವೆ. ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಈಗ ಉಳಿದಿರುವುದು ನೂರರಲ್ಲಿ ನಾಲ್ಕು ಪಾಲಿಗೂ ಕಡಿಮೆ. ಅದರಲ್ಲಿ ಹೆಚ್ಚಿನದು ಕಾನ್ಸಾಸಿನ ಫ್ಲಿಂಟ್ ಹಿಲ್ಸ್ ಎಂಬ ದಿಣ್ಣೆಗಳಲ್ಲಿ. ಅಲ್ಲಿ ಮಣ್ಣಿನ ಕೆಳಗೇ ಕಲ್ಲು ಸಿಕ್ಕುವುದರಿಂದ ನೇಗಿಲು ಹೊಗಲಿಲ್ಲ, ಹುಲ್ಲು ಬದುಕಿತು.

ನೀರು ಮತ್ತು ನೆರೆಹೊರೆ

ಈ ಕಾಲದ ಸವಾರನ ವಿಚಾರಕ್ಕೆ ಬರೋಣ. ೧೯೭೬ರಲ್ಲಿ ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ಉತ್ಸವಕ್ಕಾಗಿ ಆರೆಗನ್ನಿನ ಆಸ್ಟೋರಿಯದಿಂದ ವರ್ಜೀನಿಯದ ಯಾರ್ಕ್‌ಟೌನಿನವರೆಗೆ ೪,೨೫೦ ಮೈಲಿಯ ಬೈಸಿಕಲ್ ದಾರಿಯೊಂದನ್ನು ಗೊತ್ತುಮಾಡಲಾಯಿತು. ಆ ಬೇಸಗೆಯಲ್ಲಿ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಜನ ಅದರ ಮೇಲೆ ಸವಾರಿ ಮಾಡಿದರು. ಇಂದಿಗೂ ಪ್ರತಿವರ್ಷ ಅನೇಕರು ಒಂಟಿಯಾಗಿ ಈ ದಾರಿಯಲ್ಲಿ ಕಾನ್ಸಾಸಿನ ಬಯಲನ್ನು ದಾಟುತ್ತಾರೆ. ಡಾಮರು ರಸ್ತೆಯುಂಟು, ಹಗುರವಾದ ಬೈಸಿಕಲ್ಲುಂಟು, ಹಲ್ಲುಚಕ್ರಗಳು ಬೇಕಾದಷ್ಟುಂಟು. ಆದರೆ ಊರಿನಿಂದ ಊರಿಗೆ ಪಡುವಣ ಭಾಗದಲ್ಲಿ ಇಪ್ಪತ್ತು ಮೂವತ್ತು ಮೈಲಿ; ನಡುವೆ ಮರವಿಲ್ಲ, ನೆರಳಿಲ್ಲ, ನೀರಿಲ್ಲ.

ಮುಂದಿನ ಊರಿನ ಧಾನ್ಯದ ಉಗ್ರಾಣದ ಗೋಪುರವು ಗಂಟೆಯ ಮೊದಲೇ ಕ್ಷಿತಿಜದಲ್ಲಿ ಬೆಳ್ಳಗೆ ಕಾಣಿಸಿಕೊಳ್ಳುವುದು. ಎಷ್ಟು ತುಳಿದರೂ ಹತ್ತಿರ ಬಾರದು. ಬಂದ ಮೇಲೆ ಸವಾರನು ಹುಡುಕುವುದು ಊರಿನ ಉದ್ಯಾನವನ್ನು. ಆ ಸೀಮೆಯ ಅನೇಕ ಪುಟ್ಟ ಊರುಗಳು ಬೈಸಿಕಲ್ ಪ್ರವಾಸಿಗಳಿಗೆ ತಮ್ಮ ಉದ್ಯಾನದಲ್ಲಿ ರಾತ್ರಿ ತಂಗಲು ಅನುಮತಿ ಕೊಟ್ಟಿವೆ. ಒಂದು ನಲ್ಲಿ, ಒಂದು ಮಾಡು, ಒಂದು ಬೆಂಚು. ಕೆಲವೆಡೆ ಚರ್ಚಿನ ಬಾಗಿಲೂ ತೆರೆದಿರುವುದು. ಇದಕ್ಕೆ ನಮ್ಮ ಭಾಷೆಯಲ್ಲಿ ಬಹಳ ಹಳೆಯ ಹೆಸರೊಂದಿದೆ: ಅರವಟ್ಟಿಗೆ.

ಆದರೆ ಈ ಅರವಟ್ಟಿಗೆಗಳಿಗೂ ಕುತ್ತು ಬಂದಿದೆ. ಟ್ರಾಕ್ಟರು ದೊಡ್ಡದಾದಂತೆ ಹೊಲ ದೊಡ್ಡದಾಯಿತು; ಹೊಲ ದೊಡ್ಡದಾದಂತೆ ಒಕ್ಕಲು ಕಡಿಮೆಯಾಯಿತು. ಪಡುವಣ ಕಾನ್ಸಾಸಿನ ಅನೇಕ ಜಿಲ್ಲೆಗಳಲ್ಲಿ ಜನಸಂಖ್ಯೆ ದಶಕಗಳಿಂದ ಇಳಿಯುತ್ತಿದೆ. ಮಕ್ಕಳಿಲ್ಲದೆ ಶಾಲೆ ಮುಚ್ಚಿತು; ಗಿರಾಕಿಯಿಲ್ಲದೆ ಅಂಗಡಿ ಮುಚ್ಚಿತು. ನೆಲದಡಿಯಲ್ಲಿ ಎಂಟು ಸಂಸ್ಥಾನಗಳಿಗೆ ಹರಡಿದ ಒಗಲಾಲ ಎಂಬ ಜಲರಾಶಿಯುಂಟು. ಪಂಪುಗಳು ಎತ್ತುವಷ್ಟು ನೀರನ್ನು ಮಳೆ ಮರಳಿ ತುಂಬಲಾರದೆ ಅದರ ಮಟ್ಟವೂ ಇಳಿಯುತ್ತಿದೆ. ಒಂದು ಊರಿನ ಅಂಗಡಿ ಮುಚ್ಚಿದರೆ ಪಟ್ಟಣದಲ್ಲಿ ಕುಳಿತವನಿಗೆ ಅದು ಸುದ್ದಿಯಲ್ಲ. ಸವಾರನಿಗಾದರೋ ಮೂವತ್ತು ಮೈಲಿ ಅರುವತ್ತಾಗುವುದು; ಎರಡು ಬಾಟಲಿ ನೀರು ಸಾಲದಾಗುವುದು. ನಾಡಿನ ಕ್ಷೀಣದೆಸೆಯನ್ನು ಅಂಕಿಅಂಶಗಳ ಪುಸ್ತಕಕ್ಕಿಂತ ಮೊದಲು ಅವನ ನಾಲಗೆ ಓದುವುದು.

ಮೋಟಾರಿನ ಯುಗದಲ್ಲಿ ಇದೆಲ್ಲ ಹೊಟ್ಟೆ ತುಂಬಿದವರ ಹುಚ್ಚಲ್ಲವೆ ಎಂದು ಕೇಳುವವರಿಗೆ ಇದೇ ಉತ್ತರ. ಒಂದು ನಾಡು ತನ್ನ ದಾರಿಹೋಕನಿಗೆ ನೀರು ಕೊಡಬಲ್ಲುದೋ ಇಲ್ಲವೋ ಎಂಬುದನ್ನು ಅಳೆಯಲು ಒಂಟಿ ಸವಾರನಿಗಿಂತ ಸರಿಯಾದ ಮಾನದಂಡ ದೊರೆಯದು.

ನಮಗೆ ಸಂಬಂಧಿಸಿದ ಮಾತು

ಸ್ಟೀವನ್ಸನ ಪ್ರಯಾಣ ಬೋಸ್ಟನ್ನಿಗೆ ಮುಗಿಯಲಿಲ್ಲ. ಆತನು ಅದೇ ಬಗೆಯ ಎತ್ತರದ ಚಕ್ರದ ಮೇಲೆ ಯೂರೋಪು, ತುರ್ಕಿ, ಪಾರಸಿಗಳನ್ನು ದಾಟಿ, ಆಫ್ಘಾನಿಸ್ತಾನದಲ್ಲಿ ತಡೆಯಲ್ಪಟ್ಟು, ಸುತ್ತುದಾರಿಯಿಂದ ನಮ್ಮ ದೇಶಕ್ಕೆ ಬಂದು, ೧೮೮೬ರಲ್ಲಿ ಲಾಹೋರಿನಿಂದ ಕಲ್ಕತ್ತದವರೆಗೆ ಗ್ರಾಂಡ್ ಟ್ರಂಕ್ ರಸ್ತೆಯಲ್ಲಿ ಸವಾರಿ ಮಾಡಿದನು. ಅದೇ ವರ್ಷ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮದಲ್ಲಿ ಪ್ರಪಂಚಪ್ರದಕ್ಷಿಣೆಯನ್ನು ಮುಗಿಸಿದನು. ಹುಲ್ಲುಬಯಲಿನಲ್ಲಿ ಗ್ಯಾಂಗಿನವರ ಮನೆ ಆತನಿಗೆ ಆಸರೆಯಾದಂತೆ ಇಲ್ಲಿ ಡಾಕ್ ಬಂಗಲೆ ಆಸರೆಯಾಯಿತು. ಬಯಲಿನಲ್ಲಿ ಇಲ್ಲದಿದ್ದ ಗಟ್ಟಿರಸ್ತೆಯೂ ಸಾಲುಮರಗಳ ನೆರಳೂ ಇಲ್ಲಿ ದೊರೆತುವು.

ಸಾಲುಮರ, ಕೆರೆ, ಬಾವಿ, ಛತ್ರ, ಅರವಟ್ಟಿಗೆ ಇವು ದಾರಿಯ ಅಲಂಕಾರಗಳಲ್ಲ, ದಾರಿಯ ಅಂಗಗಳೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ಈಗ ನಮ್ಮ ರಸ್ತೆಗಳು ಅಗಲವಾಗುತ್ತಿವೆ. ಅಗಲವಾಗುವಾಗ ಮೊದಲು ಬೀಳುವುದು ಮರ. ವೇಗವಾಗಿ ಹೋಗುವವನಿಗೆ ನೆರಳು ಬೇಡ. ಆದರೆ ನಡೆದು ಹೋಗುವವನೂ, ಬೈಸಿಕಲ್ಲಿನಲ್ಲಿ ಶಾಲೆಗೆ ಹೋಗುವ ಹುಡುಗಿಯೂ, ಸಂತೆಗೆ ಹೋಗುವ ರೈತನೂ ಅದೇ ರಸ್ತೆಯವರಲ್ಲವೆ? ರಸ್ತೆಯ ನಕ್ಷೆಗೆ ಸಹಿ ಹಾಕುವ ಅಧಿಕಾರಿಗಳು ಒಂದು ದಿನ, ಒಂದೇ ದಿನ, ಬೇಸಗೆಯ ನಡುಹಗಲಿನಲ್ಲಿ ತಮ್ಮ ರಸ್ತೆಯ ಮೇಲೆ ಇಪ್ಪತ್ತು ಮೈಲಿ ಬೈಸಿಕಲ್ ತುಳಿದು ನೋಡುವುದು ಒಳ್ಳೆಯದು.

ಒಂಟಿ ಸವಾರನ ಧೈರ್ಯಕ್ಕೆ ನಾವು ಕುಂದು ಹೇಳುತ್ತಿಲ್ಲ. ಎದುರುಗಾಳಿಯಲ್ಲಿ ತುಳಿಯುವ ಕಷ್ಟವನ್ನು ಅವನಿಗಾಗಿ ಬೇರೊಬ್ಬರು ಪಡಲಾರರು. ಆ ಮೇರೆಗೆ ಸ್ವಾವಲಂಬನ ಸತ್ಯವೇ. ಆದರೆ ಅವನು ಒಬ್ಬನೇ ಹೋಗಬಲ್ಲನೆಂಬುದು ದಾರಿಯುದ್ದಕ್ಕೂ ಯಾರೋ ಒಬ್ಬರು ನಲ್ಲಿಯೊಂದನ್ನು ದುರಸ್ತಿಯಲ್ಲಿಟ್ಟಿದ್ದಾರೆಂಬುದಕ್ಕೆ ಸಾಕ್ಷಿ. ಆ ನಲ್ಲಿ ಒಣಗಿದ ದಿನ ಎಂಥ ಸಾಹಸಿಯೂ ಮನೆಯಲ್ಲಿಯೇ ಇರಬೇಕಾಗುವುದು. ಆದುದರಿಂದ ಸಾಹಸಿಗಳನ್ನು ಹೊಗಳುವ ನಾಡು ಮೊದಲು ಅರವಟ್ಟಿಗೆಯನ್ನು ಕಾಪಾಡಿಕೊಳ್ಳಬೇಕು.