ಒಂದೇ ಆಟ, ನಾಲ್ಕು ಬಗೆಯ ಆಟಗಾರರು

ಒಂದೇ ಮನೆಯ ಮೂವರು ಮಕ್ಕಳನ್ನು ನೋಡಿ. ಹಿರಿಯವನು ಮೇಲಿನಿಂದ ಇಳಿಯುವ ತುಂಡುಗಳನ್ನು ಸಾಲಾಗಿ ಜೋಡಿಸುವ ‘ಟೆಟ್ರಿಸ್’ ಆಟದಲ್ಲಿ ಮೈಮರೆತಿರುತ್ತಾನೆ. ಅವನ ತಂಗಿಗೆ ಅದು ಬೇಸರ. ಅವಳು ‘ಮೈನ್‌ಕ್ರಾಫ್ಟ್’ನಲ್ಲಿ ಯಾವ ಅವಸರವೂ ಇಲ್ಲದೆ ಮನೆ ಕಟ್ಟುತ್ತಿರುತ್ತಾಳೆ. ಕಿರಿಯವನಿಗೆ ಗೆಳೆಯರು ಜೊತೆಗಿಲ್ಲದ ಆಟ ಆಟವೇ ಅಲ್ಲ. ಒಬ್ಬರಿಗೆ ಸವಿಯಾದುದು ಇನ್ನೊಬ್ಬರಿಗೆ ಸಪ್ಪೆ. ‘ಅವರವರ ರುಚಿ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ರುಚಿಗೂ ಕಾರಣಗಳಿರಬೇಕಲ್ಲವೆ?

ಈ ಪ್ರಶ್ನೆಗೆ ಬೆಲೆಯುಳ್ಳ ಒಂದು ಉತ್ತರ ದೊರೆತುದು ಚಿತ್ರವೇ ಇಲ್ಲದ ಒಂದು ಆಟದಿಂದ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ ಎಂಬವರು ‘ಮಡ್’ ಎಂಬ ಆಟವನ್ನು ರಚಿಸತೊಡಗಿದರು. ಜೊತೆಯ ವಿದ್ಯಾರ್ಥಿ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ಪರದೆಯ ಮೇಲೆ ಕಾಣುತ್ತಿದ್ದುದು ಬರಿಯ ಅಕ್ಷರಗಳು. ನೀವು ಒಂದು ಕಾಡಿನಲ್ಲಿರುವಿರಿ ಎಂದು ಯಂತ್ರ ಬರೆಯುವುದು. ಉತ್ತರಕ್ಕೆ ಹೋಗು ಎಂದು ಆಟಗಾರ ಬರೆಯುವನು. ಹಲವರು ಏಕಕಾಲದಲ್ಲಿ ಆ ಲೋಕದಲ್ಲಿ ಸಂಚರಿಸುತ್ತ, ನಿಧಿಗಳಿಂದ ಅಂಕ ಗಳಿಸಿ, ಕೊನೆಗೆ ‘ಮಾಂತ್ರಿಕ’ ಪದವಿಗೆ ಏರಬಹುದಾಗಿತ್ತು.

ಇಂತಹ ಆಟದಿಂದ ಜನ ಬಯಸುವುದಾದರೂ ಏನನ್ನು? 1989–90ರಲ್ಲಿ ಪಳಗಿದ ಆಟಗಾರರ ನಡುವೆ ಈ ವಿಷಯವಾಗಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಅದರ ಸಾರವನ್ನು ಹಿಂಡಿ ಬಾರ್ಟಲ್ 1996ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಆಟಗಾರರನ್ನು ಅವರು ಇಸ್ಪೀಟಿನ ನಾಲ್ಕು ಜಾತಿಗಳಿಗೆ ಹೋಲಿಸಿದ್ದು ಸೊಗಸಾಗಿದೆ. ಸದಾ ನಿಧಿಯ ಬೆನ್ನು ಹತ್ತುವ ‘ಸಾಧಕರು’ ಡೈಮಂಡುಗಳು. ಆ ಲೋಕದ ಮೂಲೆಮೂಲೆಯನ್ನೂ, ನಿಯಮಗಳ ಒಳಗುಟ್ಟನ್ನೂ ಕೆದಕುವ ‘ಅನ್ವೇಷಕರು’ ಇಸ್ಪೀಟುಗಳು. ಇಂಗ್ಲಿಷಿನಲ್ಲಿ ಆ ಎಲೆಯ ಹೆಸರಿಗೆ ಅಗೆಯುವ ಸಲಕೆ ಎಂಬ ಅರ್ಥವೂ ಇದೆಯಷ್ಟೆ. ಮಾತುಕತೆಗಾಗಿಯೇ ಬರುವ ‘ಸಂಗಪ್ರಿಯರು’ ಆಟೀನುಗಳು. ಇತರರ ಮೇಲೆ ಬಿದ್ದು ಅವರನ್ನು ಕೆಡಹುವುದರಲ್ಲೇ ಸುಖ ಕಾಣುವ ‘ಘಾತುಕರು’ ಕಳಾವರಗಳು, ಎಂದರೆ ದೊಣ್ಣೆಗಳು! ಹೆಸರು ಕಠೋರವಾಯಿತು, ಆದರೆ ಅದು ಬಾರ್ಟಲ್ ಅವರೇ ಇಟ್ಟುದು.

ಈ ವಿಂಗಡಣೆಯ ಹಿಂದೆ ಎರಡು ಸರಳ ಪ್ರಶ್ನೆಗಳಿವೆ. ನಿಮ್ಮ ಗಮನ ಆಟದ ಲೋಕದ ಮೇಲೋ, ಇತರ ಆಟಗಾರರ ಮೇಲೋ? ಅದರ ಮೇಲೆ ನಿಮ್ಮ ಕೈ ಮೇಲಾಗಬೇಕೋ, ಅದರೊಡನೆ ಕೊಟ್ಟು ಕೊಳ್ಳುವ ಒಡನಾಟ ಸಾಕೋ? ಲೋಕವನ್ನು ಗೆಲ್ಲಬಯಸುವವನು ಸಾಧಕ, ಅದರೊಡನೆ ಒಡನಾಡುವವನು ಅನ್ವೇಷಕ. ಜನರೊಡನೆ ಒಡನಾಡುವವನು ಸಂಗಪ್ರಿಯ, ಅವರನ್ನು ಗೆಲ್ಲುವವನು ಘಾತುಕ.

ಪ್ರಬಂಧದ ನಿಜವಾದ ಸ್ವಾರಸ್ಯ ಇದರ ಮುಂದಿನ ಭಾಗದಲ್ಲಿದೆ. ಕಾಡಿನ ಜಿಂಕೆ ಮತ್ತು ಹುಲಿಗಳಂತೆ ಈ ನಾಲ್ಕು ಬಗೆಯವರೂ ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರು ಏರಿಳಿಸುತ್ತಾರೆ. ಘಾತುಕರು ಹೆಚ್ಚಿದರೆ ಸಂಗಪ್ರಿಯರು ಮನನೊಂದು ಹೊರಡುತ್ತಾರೆ. ಮಾತನಾಡುವ ಜನವಿದ್ದೆಡೆಗೆ ಇನ್ನಷ್ಟು ಜನ ಬರುವಂತೆ, ಕೆಲವರು ಹೊರಟರೆ ಉಳಿದವರೂ ಹೊರಡುತ್ತಾರೆ, ಲೋಕ ಪಾಳುಬೀಳುತ್ತದೆ. ಹಾಗಾದರೆ ಘಾತುಕರನ್ನೆಲ್ಲ ಹೊರಗಟ್ಟಬಹುದಲ್ಲ ಎನ್ನುವಿರಾ? ಸಾಧಕರೇ ಅದಕ್ಕೆ ಒಪ್ಪಲಾರರು. ಸೋಲುವ ಭಯವೇ ಇಲ್ಲದಲ್ಲಿ, ನಿಧಾನವಾಗಿ ನಡೆದುಕೊಂಡು ಹೋದ ಯಾರು ಬೇಕಾದರೂ ಪಡೆಯುವ ಪದವಿಗೆ ಬೆಲೆಯೇನು? ಹೀಗೆ, ತನಗೆ ಹಿಡಿಸದ ಬಗೆಯವನು ಪಕ್ಕದಲ್ಲಿರುವುದರಿಂದಲೇ ತನ್ನ ಸುಖಕ್ಕೆ ರುಚಿ ಬರುವುದುಂಟು.

ಆದರೆ ಇದು ಅನುಭವದಿಂದ ಬಂದ ಮಾತೇ ಹೊರತು ಅಳತೆಯಿಂದ ಬಂದುದಲ್ಲ. ಅಳೆಯಹೊರಟವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ನಿಕ್ ಯೀ. ಇವರು ಬಹುಜನ ಕೂಡಿ ಆಡುವ ಆಟಗಳ ಸುಮಾರು 3,000 ಆಟಗಾರರನ್ನು ಪ್ರಶ್ನಿಸಿ, ಯಾವ ಯಾವ ಉತ್ತರಗಳು ಜೊತೆಜೊತೆಯಾಗಿ ಬರುತ್ತವೆಂದು ಲೆಕ್ಕಹಾಕಿ, 2006ರಲ್ಲಿ ಫಲವನ್ನು ಪ್ರಕಟಿಸಿದರು. ಹತ್ತು ಪ್ರೇರಣೆಗಳು ಕಂಡವು. ಅವು ಸಾಧನೆ, ಸಹವಾಸ, ತಲ್ಲೀನತೆ ಎಂಬ ಮೂರು ಗುಂಪುಗಳಾದವು. ಬಾರ್ಟಲ್ ಬೇರೆ ಬೇರೆ ಇಟ್ಟಿದ್ದ ಪದವಿಯ ಆಸೆಯೂ ಪೈಪೋಟಿಯ ಹುರುಪೂ ಇಲ್ಲಿ ಸಾಧನೆಯ ಗುಂಪಿನಲ್ಲಿಯೇ ಒಟ್ಟಿಗೆ ಸೇರಿಕೊಂಡವು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಒಂದು ಪ್ರೇರಣೆ ಬಲವಾಗಿದ್ದ ಮಾತ್ರಕ್ಕೆ ಇನ್ನೊಂದು ಕುಗ್ಗುವುದಿಲ್ಲ. ಪದವಿಗಾಗಿ ಹಂಬಲಿಸುವವನೇ ಗೆಳೆತನಕ್ಕಾಗಿಯೂ ಹಂಬಲಿಸಬಹುದು. ಅಂದರೆ ಇವು ಮನುಷ್ಯರ ಜಾತಿಗಳಲ್ಲ, ಒಬ್ಬೊಬ್ಬನಲ್ಲಿಯೂ ಬೇರೆ ಬೇರೆ ಪಾಕವಾಗಿ ಬೆರೆತಿರುವ ಸಂಬಾರಗಳು.

ಇನ್ನೂ ಆಳಕ್ಕಿಳಿದವರು ಮನಶ್ಶಾಸ್ತ್ರಜ್ಞ ರಿಚರ್ಡ್ ರಯಾನ್ ಮತ್ತು ಸಂಗಡಿಗರು. ತನ್ನಿಚ್ಛೆಯಂತೆ ನಡೆಯುವುದು, ತನ್ನಿಂದಾಗುವುದೆಂಬ ಅರಿವು, ಇತರರೊಡನೆ ನಂಟು ಎಂಬ ಮೂರು ಹಸಿವುಗಳನ್ನು ಆಟ ಎಷ್ಟು ತಣಿಸುವುದೋ ಅಷ್ಟು ಅದು ಹಿಡಿಸುವುದೆಂದು ಅವರು ಅದೇ 2006ರಲ್ಲಿ ತೋರಿಸಿದರು. ಟೆಟ್ರಿಸ್ ಕೌಶಲ ಬೆಳೆದಂತೆ ವೇಗವನ್ನೂ ಏರಿಸಿ ಎರಡನೆಯ ಹಸಿವಿಗೆ ಉಣಿಸುತ್ತದೆ. ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟುವವಳಿಗೆ ಮೊದಲನೆಯದೇ ಹಬ್ಬ. ಆಟದ ಯಂತ್ರವನ್ನು ಕಿತ್ತುಕೊಳ್ಳಹೊರಟ ತಂದೆತಾಯಿಗಳು, ಮಗ ಕಳೆದುಕೊಳ್ಳುವುದು ಅಂಕವನ್ನೋ ಗೆಳೆಯರನ್ನೋ ಎಂದು ಮೊದಲು ವಿಚಾರಿಸುವುದು ಲೇಸು.

ಬಾರ್ಟಲ್ ಅವರ ವಿಂಗಡಣೆಯನ್ನು ಆಧರಿಸಿ ಬೇರೆಯವರು ಒಂದು ಪ್ರಶ್ನಾವಳಿಯನ್ನೂ ರಚಿಸಿದರು. ಅದು ಬಲು ಜನಪ್ರಿಯವಾಯಿತು. ವಿನೋದವೆಂದರೆ, ಅದು ನೀವು ಇಂಥವರೇ ಎಂದು ಒಂದೇ ಚೀಟಿ ಅಂಟಿಸುವುದಿಲ್ಲ. ನಾಲ್ಕು ಬಗೆಗಳಿಗೂ ನೂರಕ್ಕೆ ಇಷ್ಟಿಷ್ಟು ಎಂದು ಅಂಕ ಕೊಡುತ್ತದೆ. ಅವನ್ನೆಲ್ಲ ಕೂಡಿದರೆ ಬರುವ ಮೊತ್ತ ನೂರಲ್ಲ, ಇನ್ನೂರು.