ಲಾರಿ ಚಾಲಕನ ವಿದ್ಯೆ

ಲಾರಿ ನಡೆಸುವುದೂ ಒಂದು ವಿದ್ಯೆಯೆಂದರೆ ನಮ್ಮ ಓದುಬಲ್ಲ ಜನರಲ್ಲಿ ಕೆಲವರಾದರೂ ಮುಗುಳ್ನಗುವರು. ಬೇರೇನೂ ಕೈಗೂಡದವನು ಹಿಡಿಯುವ ಕಸುಬು ಅದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಾವು ಉಣ್ಣುವ ಅಕ್ಕಿಯೂ ಓದುವ ಪುಸ್ತಕದ ಕಾಗದವೂ ಬಹುಮಟ್ಟಿಗೆ ಲಾರಿಯ ಬೆನ್ನೇರಿಯೇ ಬಂದವೆಂಬುದನ್ನು ಮರೆಯುತ್ತೇವೆ. ಹಲವು ವರ್ಷ ಈ ಕಸುಬಿನಲ್ಲಿದ್ದು, ಹೊಸಬರಿಗೂ ಕಲಿಸಿದವನಾದ್ದರಿಂದ ನಾನು ಇದನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಈ ವಿದ್ಯೆಗೆ ಎರಡು ಪಾಠಶಾಲೆಗಳುಂಟು. ಮೊದಲನೆಯದು ಕಾನೂನಿನದು. 1988ರ ಮೋಟಾರು ವಾಹನ ಕಾಯಿದೆಯಂತೆ 20 ವರ್ಷ ತುಂಬದವನು ಸಾರಿಗೆ ವಾಹನವನ್ನು ನಡೆಸಕೂಡದು. ಭಾರೀ ಲಾರಿಯನ್ನು ಕಲಿಯಲು ಅನುಮತಿ ಬೇಕಾದರೆ, ಲಘು ವಾಹನದ ಪರವಾನಗಿ ಕೈಸೇರಿ ಒಂದು ವರ್ಷವಾದರೂ ಕಳೆದಿರಬೇಕು. ವೈದ್ಯರ ಪ್ರಮಾಣಪತ್ರವೂ ಅಗತ್ಯ. ಎಂಟನೆಯ ತರಗತಿ ಓದಿರಬೇಕೆಂಬ ನಿಬಂಧನೆಯನ್ನು 2019ರಲ್ಲಿ ತೆಗೆದುಹಾಕಲಾಯಿತು.

ಎರಡನೆಯದು ಕ್ಲೀನರನ ಪಾಠಶಾಲೆ. ಅಲ್ಲಿ ಶುಲ್ಕವಿಲ್ಲ, ರಜೆಯೂ ಇಲ್ಲ. ಟೈರನ್ನು ಬಡಿದು, ಸದ್ದಿನಿಂದಲೇ ಗಾಳಿ ಇಳಿದಿದೆಯೇ ಎಂದರಿಯುವುದು, ಸರಕು ಒಂದೇ ಮಗ್ಗುಲಿಗೆ ವಾಲದಂತೆ ಹೇರಿಸಿ ಹಗ್ಗ ಬಿಗಿಯುವುದು, ಇವೆಲ್ಲ ಅಲ್ಲಿಯ ಪಾಠಗಳು.

ಇವೆರಡರ ನಿಜವಾದ ಪರೀಕ್ಷೆ ನಡೆಯುವುದು ಘಾಟಿಯಲ್ಲಿ. ಸಕಲೇಶಪುರವನ್ನು ದಾಟಿ, ತುಂಬಿದ ಲಾರಿಯೊಡನೆ ಶಿರಾಡಿಯನ್ನು ಇಳಿಯುವ ಹೊಸಬನು ಬ್ರೇಕನ್ನೇ ನಂಬುತ್ತಾನೆ. ಪದೇಪದೇ ಒತ್ತಿದಂತೆ ಬ್ರೇಕಿನ ಡ್ರಮ್ಮು ಕಾಯುತ್ತದೆ, ಕಾದಷ್ಟೂ ಹಿಡಿತ ಸಡಿಲವಾಗುತ್ತದೆ. ಗಾಳಿಯ ಬ್ರೇಕಾದರೆ ಟ್ಯಾಂಕಿನಲ್ಲಿ ಶೇಖರವಾದ ಗಾಳಿಯೂ ಕುಗ್ಗುತ್ತದೆ. ಆದುದರಿಂದ ಇಳಿಜಾರು ತೊಡಗುವ ಮುನ್ನವೇ ಕೆಳಗಿನ ಗೇರಿಗೆ ಬಂದು, ಎಂಜಿನ್ನಿನ ಬಿಗಿಯಿಂದ ವೇಗವನ್ನು ತಡೆದಿರಿಸಬೇಕು. ಹತ್ತುವ ಗೇರಿನಲ್ಲೇ ಇಳಿಯಬೇಕೆಂಬುದು ಹಳಬರ ಸೂತ್ರ.

ಘಾಟಿಗಿಂತಲೂ ಕಠಿಣವಾದುದು ನಿದ್ದೆ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳನ್ನು ದುಡಿಮೆಯ ಸಾಮಾನ್ಯ ಮಿತಿಯೆಂದು ವಿಧಿಸಿತು. 5 ಗಂಟೆ ದುಡಿದವನಿಗೆ ಅರ್ಧ ಗಂಟೆಯ ವಿರಾಮವನ್ನೂ ಗೊತ್ತುಮಾಡಿತು. ಆದರೆ ಸಂಪಾದನೆ ಹಲವೆಡೆ ಟ್ರಿಪ್ಪಿನ ಲೆಕ್ಕದಲ್ಲಿ. ಬೇಗ ಮುಟ್ಟಿದವನಿಗೆ ಮತ್ತೊಂದು ಬಾಡಿಗೆ, ದಾರಿಯಲ್ಲಿ ಮಲಗಿದವನಿಗೆ ಮಾಲೀಕನ ಬೈಗುಳ. ಬೆಳಗಿನ ಜಾವದಲ್ಲಿ ಕಣ್ಣು ತಾನಾಗಿ ಮುಚ್ಚುವಾಗ ಕಾಯಿದೆಯ ಪುಸ್ತಕ ಯಾರ ಪಕ್ಕದಲ್ಲೂ ಕುಳಿತಿರುವುದಿಲ್ಲ. ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ 2025ರಲ್ಲಿ ಹವಾನಿಯಂತ್ರಣ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ತಂಪು ನಿದ್ದೆಗೆ ಬದಲಾಗಲಾರದು.

ಆದ್ದರಿಂದ ಈ ಕಸುಬಿಗೆ ಬರಬಯಸುವ ತರುಣರಿಗೆ ನಾನು ಹೇಳುವುದಿಷ್ಟು: ಓಡಿಸುವುದನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎರಡು ಗಂಟೆ ಮಲಗಿ ಬರುತ್ತೇನೆಂದು ಮಾಲೀಕನಿಗೆ ನಿರ್ಭಯವಾಗಿ ಹೇಳಬಲ್ಲವನೇ ಚಾಲಕ. ಸರಕು ಇನ್ನೂ ಬರಲಿಲ್ಲವೇಕೆಂದು ಅಂಗಡಿಯಲ್ಲಿ ಗೊಣಗುವ ನಾವು ಕೂಡ ಆ ಎರಡು ಗಂಟೆಯನ್ನು ಅವನಿಗೆ ಬಿಟ್ಟುಕೊಡಬೇಕು.